ನೀಲಗಡ್ಡಿಯ ಹಸಿರು ದೀಪ

“ಅದಕ್ಕ ಏನೋ ಅಂತೀಯಲ್ಲ... ಲೇಟು... ಲೇಟಾನ...”

ಸಿದ್ದವ್ವನವರು ಪದವನ್ನು ಅರ್ಧಕ್ಕೇ ಬಿಟ್ಟು ಕಣ್ಣು ಮುಚ್ಚಿಕೊಂಡರು. ಹೊಳೆಯ ದಂಡೆಯ ಮೇಲಿದ್ದ ಆ ಸಣ್ಣ ಮಠಕ್ಕೆ ಅವರೇ ಗುರು. ಸುತ್ತಿನ ಊರುಗಳಲ್ಲಿ ಅವರನ್ನು ಅವ್ವಾರು ಎಂದೇ ಕರೆಯುತ್ತಿದ್ದರು.

“ಲೇಟೆನ್ಸಿ, ಅವ್ವಾರ,” ಎಂದ ಶಿಷ್ಯ ಪಂಪಾಪತಿ.

“ಹಾಂ, ಅದೇ. ನಾಲಿಗಿ ತುದೀಗೆ ಬಂದು ಕೂತಿತ್ತು, ಹೊರಗ ಬರಲಿಲ್ಲ. ಹಂಗಂದ್ರ ಏನು, ಇನ್ನೊಮ್ಮೆ ಹೇಳು.”

“ನಾವು ಕೇಳಿದ ಮ್ಯಾಲೆ ಆ ಕಡೆಯಿಂದ ಉತ್ತರ ಬರೂತನಕ ಹಿಡಿಯೋ ಹೊತ್ತು.”

“ಆ ಹೊತ್ತಿನಾಗ ನೀನು ಏನು ಮಾಡ್ತಿ?”

“ಇನ್ನೊಮ್ಮೆ ಕೇಳ್ತೀನ್ರಿ.”

ಅವ್ವ ಒಂದು ಕಣ್ಣು ತೆರೆದು ಅವನನ್ನು ನೋಡಿ, ಮತ್ತೆ ಮುಚ್ಚಿದರು.

ಪಂಪಾಪತಿ ಕಂಪ್ಯೂಟರು ಓದಿ ಮಠಕ್ಕೆ ಬಂದವನು. ಜಪಕ್ಕೆ ಕೂತರೆ ಅವನ ಮನಸ್ಸು ನಿಲ್ಲುತ್ತಿರಲಿಲ್ಲ. ಬಂದ ಹೊಸತರಲ್ಲೇ ಅವ್ವ ಅವನ ಕೈಯಿಂದ ಜಪಮಾಲೆ ಇಸಿದುಕೊಂಡು, ಮೂಲೆಯ ಕೋಣೆಗೆ ಕರೆದೊಯ್ದು, ಒಂದು ಪರದೆಯ ಮುಂದೆ ಕೂರಿಸಿದ್ದರು.

“ನಿನಗ ಇದೇ ಜಪ,” ಎಂದಿದ್ದರು.

ಮಠ ಹೊಳೆಯುದ್ದಕ್ಕೂ ಹಳ್ಳಿಗಳಲ್ಲಿ ದವಾಖಾನೆ ನಡೆಸುತ್ತಿತ್ತು. ದವಾಖಾನೆಯೆಂದರೆ ಒಂದು ಕೋಣೆ, ಒಬ್ಬ ನರ್ಸು, ಒಂದು ಕಂಪ್ಯೂಟರು. ಹಳ್ಳಿಯವರ ಬಾಯಲ್ಲಿ ಅದು ಪೆಟ್ಟಿಗೆ. ರೋಗಿಯ ನಾಡಿ, ರಕ್ತದೊತ್ತಡ, ಗಾಯದ ಫೋಟೊ ಎಲ್ಲವನ್ನೂ ನರ್ಸು ಆ ಪೆಟ್ಟಿಗೆಗೆ ಹಾಕಿದರೆ, ಮಠದಲ್ಲಿ ಕೂತ ಡಾಕ್ಟರ್ ಶಾಕಿರಾ ಅವರಿಗೆ ಅದು ಬಂದು ಮುಟ್ಟುತ್ತಿತ್ತು. ಡಾಕ್ಟರಮ್ಮ ನೋಡಿ ಉತ್ತರ ಬರೆದರೆ ಮರಳಿ ಹಳ್ಳಿಗೆ ಹೋಗುತ್ತಿತ್ತು.

ಆ ಪೆಟ್ಟಿಗೆಗಳೆಲ್ಲ ನೆಟ್ಟಗಿವೆಯೇ ಎಂದು ಕೂತಲ್ಲಿಂದಲೇ ಕಾಯುವುದು ಪಂಪಾಪತಿಯ ಸೇವೆ. ಪರದೆಯ ಮೇಲೆ ಊರಿಗೊಂದು ದೀಪ. ಎಲ್ಲ ಸರಿಯಿದ್ದರೆ ಹಸಿರು, ದಣಿಯುತ್ತಿದ್ದರೆ ಹಳದಿ, ಸೋಲುತ್ತಿದ್ದರೆ ಕೆಂಪು. ಪೆಟ್ಟಿಗೆ ಉತ್ತರ ಕೊಡುವುದನ್ನೇ ನಿಲ್ಲಿಸಿದರೆ ದೀಪ ಆರಿ, ಗಂಟೆ ಬಡಿಯುತ್ತಿತ್ತು.

ಅವನು ಶ್ರದ್ಧೆಯವನು. ಪ್ರತಿ ಪೆಟ್ಟಿಗೆಯನ್ನೂ ಕ್ಷಣಕ್ಕೊಮ್ಮೆ ವಿಚಾರಿಸುವಂತೆ ಏರ್ಪಾಡು ಮಾಡಿದ್ದ. ಎಚ್ಚರ ಇದ್ದೀಯಾ? ಎಷ್ಟು ಬಿಸಿಯಾಗಿದ್ದೀಯ? ಒಳಗೆ ಎಷ್ಟು ತುಂಬಿದೆ, ಎಷ್ಟು ಖಾಲಿ ಇದೆ? ಈಗ ನಿನ್ನ ಪರದೆಯ ಮೇಲೆ ಏನಿದೆ, ಅದರ ಚಿತ್ರ ಕಳಿಸು. ಉತ್ತರ ತಡವಾದರೆ ಮತ್ತೆ ಅದೇ ಪ್ರಶ್ನೆ. ಇನ್ನೂ ತಡವಾದರೆ ಇನ್ನೂ ಬೇಗ ಬೇಗ.

“ಇದಕ್ಕ ಪೋಲಿಂಗ್ ಅಂತಾರ,” ಎಂದು ಅವ್ವನಿಗೆ ಹೇಳಿಕೊಟ್ಟಿದ್ದ.

“ಇಷ್ಟು ಸಲ ಕೇಳಬೇಕೇನು?”

“ಜಪ ಅಂದ್ರ ಹಂಗ ಅಲ್ಲೇನ್ರಿ, ಅವ್ವಾರ? ಎಷ್ಟು ಸಲ ಆದ್ರ ಅಷ್ಟು ಛಲೋ.”



ಪೂಜೆ ಮುಗಿಸಿದ ಮೇಲೆ ಅವನ ಪಕ್ಕ ಬಂದು ಕೂತು ಒಂದೊಂದು ಪದ ಕಲಿಯುವುದು ಅವ್ವನಿಗೆ ರೂಢಿಯಾಗಿತ್ತು. ಅವತ್ತೂ ಕೂತಿದ್ದರು.

“ಇದು ಯಾವ ಅಂಕಿ?”

“ಅಪ್‌ಟೈಮ್. ಪೆಟ್ಟಿಗಿ ಮಲಗದೆ ಎಷ್ಟು ಹೊತ್ತಿನಿಂದ ಎಚ್ಚರ ಅದ ಅನ್ನೋದು.”

“ಕೆಲಸ ಮಾಡಾಕ ಹತ್ತ್ಯದ ಅಂತ ಅರ್ಥನೋ?”

“ಅಲ್ರಿ. ಎಚ್ಚರ ಅದ ಅಂತ, ಅಷ್ಟೇ.”

“ಹಂಗಾದ್ರ ನಮ್ಮ ಮುದುಕಪ್ಪನ ಅಪ್‌ಟೈಮ್ ಭಾಳ ಛಲೋ ಅದ.”

ಅಡುಗೆಯ ಮುದುಕಪ್ಪ ಹೊರಗೆ ಕಟ್ಟೆಯ ಮೇಲೆ ಕೂತು ಕಣ್ಣರಳಿಸಿ ಹೊಳೆ ನೋಡುತ್ತಿದ್ದ. ಒಳಗಿನಿಂದ ಅನ್ನ ಸೀದ ವಾಸನೆ ಬರುತ್ತಿತ್ತು.

ಪಂಪಾಪತಿ ನಕ್ಕ. ಅವ್ವ ಇನ್ನೊಂದು ಅಂಕಿಯ ಮೇಲೆ ಬೆರಳಿಟ್ಟರು.

“ಇದು ಲೋಡ್. ಮೈಮ್ಯಾಲೆ ಎಷ್ಟು ಕೆಲಸ ಬಿದ್ದದ ಅಂತ. ಹಳ್ಳದಕೇರಿ ನೋಡ್ರಿ, ಯಾವಾಗ್ಲೂ ಕೆಂಪು. ಮಂದಿ ಪಾಳಿ ಹಚ್ಚಿ ನಿಂತಾರ. ಥ್ರೆಶೋಲ್ಡ್ ದಾಟಿ ಹೋಗ್ಯದ.”

“ಅದೇನು?”

“ಮಿತಿ. ಇಲ್ಲೀತನಕ ತಾಳ್ತದ, ಇದರಾಚೆ ತಾಳೂದಿಲ್ಲ ಅಂತ ಒಂದು ಗೆರಿ.”

“ಗೆರಿ ಅದು ಎಳೆದದ್ದೋ, ನೀನು ಎಳೆದದ್ದೋ?”

“ನಾನೇ, ಅವ್ವಾರ.”

“ಹೂಂ. ನೀಲಗಡ್ಡಿ ಹೆಂಗದ?”

ಪಂಪಾಪತಿಯ ಮುಖ ಅರಳಿತು. “ಅದು ಚಿನ್ನದಂಥ ಪೆಟ್ಟಿಗಿ. ಲೋಡ್ ಸೊನ್ನಿ. ಬಿಸಿ ಇಲ್ಲ, ದಣಿವಿಲ್ಲ. ಉತ್ತರ ಮಾತ್ರ ತಡ. ಅಲ್ಲಿಗೆ ತಂತಿ ಇಲ್ಲಲ್ರಿ, ಗಾಳಿ ಮ್ಯಾಲೆ ಹೋಗೋ ಸಣ್ಣ ಲೈನು. ಅದೊಂದು ಬಿಟ್ರ ಎಂದೂ ಹಸಿರು.”

ನೀಲಗಡ್ಡಿ ಹೊಳೆಯ ನಡುವಿನ ಊರು. ಸುತ್ತ ನೀರು. ದಾಟಲು ಹರಿಗೋಲು. ಮೇಲಿನ ಡ್ಯಾಮು ತುಂಬಿ ನೀರು ಬಿಟ್ಟರೆ ಹರಿಗೋಲೂ ನಿಲ್ಲುತ್ತಿತ್ತು. ಆಮೇಲೆ ಹೊಳೆ ಇಳಿಯುವವರೆಗೆ ಆ ಊರಿನವರು ಈ ದಂಡೆಯ ಮುಖ ಕಾಣುವಂತಿಲ್ಲ.

ಆ ವರ್ಷ ಡ್ಯಾಮು ಆಗಲೇ ತುಂಬುತ್ತ ಬಂದಿತ್ತು.

“ಅವ್ವಾರ, ಒಂದು ವಿಚಾರ ಅದ,” ಎಂದ ಪಂಪಾಪತಿ. “ನೀಲಗಡ್ಡಿ ಪೆಟ್ಟಿಗಿ ತಂದು ಹಳ್ಳದಕೇರಿಗೆ ಹಾಕೋಣ. ಹೊಳಿ ಬರೂದ್ರೊಳಗ ತರಬೇಕು.”

“ಹೊಳಿ ಬಂದಾಗ ಅಲ್ಲಿ ಯಾರಿಗರೆ ಜಡ್ಡಾದ್ರ?”

“ಈಗೇ ಯಾರೂ ಬರೂದಿಲ್ಲಲ್ರಿ. ಸೊನ್ನಿ.”

“ಯಾಕ ಬರೂದಿಲ್ಲ?”

“ಆರಾಮ ಇದ್ದಾರ.”

“ಹಂಗಂತ ಯಾರು ಹೇಳಿದ್ರು ನಿನಗ?”

ಪಂಪಾಪತಿ ಪರದೆಯ ಕಡೆ ಕೈ ತೋರಿಸಿದ. ಹಸಿರು ದೀಪ ನಿಶ್ಚಲವಾಗಿ ಉರಿಯುತ್ತಿತ್ತು.

ಅವ್ವ ಎದ್ದು ನಿಂತರು.

“ತರೂದಾದ್ರ ನೀನೇ ಹೋಗಿ ತಾ. ಆದ್ರ ಮೊದಲು ಅಲ್ಲಿ ರೋಗಿ ಕೂಡೋ ಬೆಂಚಿನ ಮ್ಯಾಲೆ ಕೂಡು. ನಿನ್ನ ನಾಡಿ ತೋರಿಸು. ಡಾಕ್ಟರಮ್ಮನ ಉತ್ತರ ಬಂದ ಮ್ಯಾಲೆ ಪೆಟ್ಟಿಗಿ ಬಿಚ್ಚು. ಉತ್ತರ ಬರೂತನಕ ಅದಕ್ಕ ಕೈ ಹಚ್ಚಬ್ಯಾಡ.”

“ನನಗ ಏನೂ ಆಗಿಲ್ಲಲ್ರಿ, ಅವ್ವಾರ.”

“ಛಲೋ ಆತಲ್ಲ. ಲಗೂನ ಉತ್ತರ ಬರ್ತದ.”

ಮರುದಿನ ಬೆಳಿಗ್ಗೆ ಪಂಪಾಪತಿ ಒಂದು ಗೋಣಿಚೀಲ, ಒಂದು ಹಗ್ಗ ಹಿಡಿದು ಹೊಳೆಗೆ ಬಂದ. ಅಂಬಿಗರ ಹುಲಿಗೆಪ್ಪ ಹರಿಗೋಲು ಹಚ್ಚಿ ನಿಂತಿದ್ದ. ಅವನು ಚೀಲ ನೋಡಿದ, ಹಗ್ಗ ನೋಡಿದ, ಆಮೇಲೆ ಪಂಪಾಪತಿಯನ್ನು ನೋಡಿದ.

“ಇವತ್ತು ನಿಮ್ಮ ಮಾರಿ ನೋಡಿದಂಗಾತು,” ಎಂದ. “ಅವತ್ತು ಬರೀ ಬೆನ್ನು ನೋಡಿದ್ದೆ.”

ಪಂಪಾಪತಿಗೆ ಅರ್ಥವಾಗಲಿಲ್ಲ. ಕೇಳಲೂ ಇಲ್ಲ.

ನಡುಹೊಳೆಯಲ್ಲಿ ನೀರು ಕೆಂಪಗಿತ್ತು. ಹುಲಿಗೆಪ್ಪ ಹುಟ್ಟನ್ನು ನೀರಿನಲ್ಲಿ ನೆಟ್ಟಗೆ ಹಿಡಿದು, ಸೆಳವು ಎಷ್ಟಿದೆಯೆಂದು ನೋಡಿ, ತುಟಿ ಕಚ್ಚಿದ.

“ಪೆಟ್ಟಿಗಿ ಒಯ್ಯಾಕ ಬಂದೀರಿ, ಹೌದಲ್ಲ?”

“ನಿಮ್ಮ ಮಂದಿ ಬಳಸೂದೇ ಇಲ್ಲಲ್ಲ.”

“ಅದು ಖರೆ. ಈಗ ಯಾರಿಗೆ ಏನಾದ್ರೂ ನನ್ನ ಹರಿಗೋಲೇ.”

“ಹೊಳಿ ಬಂದ್ರ?”

“ಬಂದ್ರ, ನೀರು ನೋಡಿಕೋತ ಕೂಡೂದು.”

ನೀಲಗಡ್ಡಿಯ ದವಾಖಾನೆಯಲ್ಲಿ ನರ್ಸು ಸಾಬಮ್ಮ ಬಾಗಿಲಿಗೇ ನಿಂತಿದ್ದಳು. ಒಳಗೆ ಬೆಂಚಿನ ಮೇಲೆ ಒಬ್ಬ ತುಂಬು ಬಸುರಿ ಕೂತಿದ್ದಳು. ಅವಳ ಪಾದಗಳು ಊದಿ ಚಪ್ಪಲಿಯ ಪಟ್ಟಿ ಒಳಕ್ಕೆ ಕಚ್ಚಿಕೊಂಡಿತ್ತು. ಹೆಸರು ದುರುಗವ್ವ.

“ಬರ್ರಿ, ಬರ್ರಿ,” ಎಂದಳು ಸಾಬಮ್ಮ. “ಇಷ್ಟು ದಿನಕ್ಕ ಮಠಕ್ಕ ನಮ್ಮ ನೆಪ್ಪಾತು. ಚೀಲ ಬ್ಯಾರೆ ತಂದೀರಿ.”

ಪಂಪಾಪತಿ ಚೀಲವನ್ನು ಬೆನ್ನ ಹಿಂದೆ ಸರಿಸಿ, ದುರುಗವ್ವನ ಪಕ್ಕ ಬೆಂಚಿನ ತುದಿಗೆ ಕೂತ.

“ನನ್ನ ನಾಡಿ ನೋಡ್ರಿ. ಡಾಕ್ಟರಮ್ಮಗ ಕಳಿಸ್ರಿ. ಅವ್ವಾರು ಹೇಳ್ಯಾರ.”

ಸಾಬಮ್ಮ ಹುಬ್ಬೇರಿಸಿದಳು. ಆದರೂ ನಾಡಿ ಹಿಡಿದಳು, ತೋಳಿಗೆ ಪಟ್ಟಿ ಕಟ್ಟಿ ಒತ್ತಡ ನೋಡಿದಳು, ಪೆಟ್ಟಿಗೆಗೆ ಹಾಕಿ ಕಳಿಸಿದಳು.

ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು.

ಪಂಪಾಪತಿ ಕಾದ. ಚಕ್ರ ತಿರುಗುತ್ತಿತ್ತು.

“ಈಗ ಬರ್ತದ,” ಎಂದ.

“ಬರ್ತದ, ಬರ್ತದ,” ಎಂದಳು ದುರುಗವ್ವ. “ನಮ್ಮ ಬಾವಿ ಗಾಲಿನೂ ಹಿಂಗೇ ತಿರಗತದ. ಆದ್ರ ಅದು ನೀರರೆ ತರ್ತದ.”

ಬಾಗಿಲಿನ ಬಿಸಿಲು ಬೆಂಚಿನ ಕಾಲಿಗೆ ಬಂತು, ಅಲ್ಲಿಂದ ಪಂಪಾಪತಿಯ ಮೊಣಕಾಲಿಗೆ ಏರಿತು. ಅವನಿಗೆ ಇನ್ನೊಮ್ಮೆ ಕಳಿಸಿ ಎಂದು ಹೇಳಬೇಕೆನಿಸಿತು. ಅವ್ವನ ಮಾತು ನೆನಪಾಗಿ ಸುಮ್ಮನಾದ. ಕೂತಲ್ಲೇ ಕೂತು ಕಾಯುವುದು ಎಂದರೇನೆಂದು ಅವನ ಮೈಗೆ ಗೊತ್ತಾಗತೊಡಗಿತು.

“ದಿನಾ ಹಿಂಗೇನು?”

“ದಿನಾ,” ಎಂದಳು ಸಾಬಮ್ಮ. “ಮೊದಮೊದಲು ಮಂದಿ ಕಾದ್ರು. ಆಮ್ಯಾಲೆ ಬುತ್ತಿ ಕಟಗೊಂಡು ಬಂದು ಕಾದ್ರು. ಆಮ್ಯಾಲೆ ಬರೂದು ಬಿಟ್ರು. ಈರಪ್ಪಜ್ಜನ ಕಾಲಿಗೆ ಹುಣ್ಣಾಗಿತ್ತು. ಅದರ ಫೋಟೊ ಹಾಕಿದ್ದೆ. ಹಿಂಗೇ ತಿರಗಿ ತಿರಗಿ ನಿಂತಿತು. ಕಡೀಗೆ ಶಹರದಾಗ ಕಾಲು ತಗದ್ರು.”

ಪಂಪಾಪತಿಯ ಪರದೆಯಲ್ಲಿ ಆ ದಿನಗಳಲ್ಲೂ ನೀಲಗಡ್ಡಿ ಹಸಿರಾಗಿಯೇ ಇತ್ತು.

“ಮಠಕ್ಕ ಯಾಕ ಹೇಳಿ ಕಳಿಸಲಿಲ್ಲ?”

“ಕಳಿಸಲಿಲ್ಲಂತ ಯಾರಂದ್ರು? ಇಲ್ಲಿ ಫೋನು ಹತ್ತೂದಿಲ್ಲ. ಹುಲಿಗೆಪ್ಪಗ ಹೇಳಿ ಕಳಿಸಿದ್ದೆ. ಅವ ನಿಮ್ಮ ಕೋಣಿ ಬಾಗಲಿಗೆ ಬಂದು ನಿಂತು ಹೇಳಿದ್ನಂತ. ನೀವು ತಿರುಗಿ ಸೈತ ನೋಡಲಿಲ್ಲಂತ. ‘ದೀಪ ಹಸಿರು ಅದ, ಏನೂ ಆಗಿಲ್ಲ, ಹೋಗು’ ಅಂದ್ರಂತ.”

ಪಂಪಾಪತಿಗೆ ನೆನಪಾಯಿತು. ಬಾಗಿಲಲ್ಲಿ ಯಾರದೋ ಒದ್ದೆ ಕಾಲು. ಯಾರದೋ ದನಿ. ಆಗ ಅವನು ಹಳ್ಳದಕೇರಿಯ ಕೆಂಪು ದೀಪ ನೋಡುತ್ತಿದ್ದ.

ಅವನು ತಲೆ ತಗ್ಗಿಸಿದ. ಸಾಬಮ್ಮ ಮಾತು ನಿಲ್ಲಿಸಲಿಲ್ಲ.

“ಈಕೀ ಬಿಪಿ ಏರ್ಯದ. ಹೊಳಿ ಬರೂದ್ರೊಳಗ ಆ ದಂಡೀಗೆ ಮುಟ್ಟಿಸಬೇಕು ಅಂತ ನಾ ಬಡಕೋತೀನಿ. ಇವರ ಅತ್ತಿ ಡಾಕ್ಟರು ಹೇಳಿದ್ರ ಕಳಿಸ್ತೀನಿ ಅಂತಾಳ. ಮೊನ್ನೆ ಕಳಿಸಿದ್ದು ಇನ್ನೂ ತಿರಗಾಕ ಹತ್ತ್ಯದ. ಈಗ ನೀವು ಪೆಟ್ಟಿಗಿನೇ ಒಯ್ರಿ. ಕಾಯೂದರೆ ತಪ್ಪತದ.”

ದುರುಗವ್ವ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದಳು. ಈಗ ಅವಳು ಹಾಸ್ಯ ಮಾಡಲಿಲ್ಲ.

ಪಂಪಾಪತಿಯ ಕಣ್ಣು ಪೆಟ್ಟಿಗೆಯ ಬದಿಯ ಸಣ್ಣ ದೀಪಕ್ಕೆ ಹೋಯಿತು. ಅದು ಬಿಡುವಿಲ್ಲದೆ ಮಿಣುಕುತ್ತಿತ್ತು. ಲೈನಿನಲ್ಲಿ ಮಾತು ಹೋಗಿಬರುವಾಗ ಮಿಣುಕುವ ದೀಪ ಅದು.

“ಇದು ಯಾಕ ಹಿಂಗ ಮಿಣಕತದ? ಯಾರೂ ಏನೂ ಕಳಿಸಾಕ ಹತ್ತಿಲ್ಲಲ್ಲ.”

“ಅದರ ಸುದ್ದಿ ಬಿಡ್ರಿ. ಹಗಲೂ ರಾತ್ರಿ ಮಾತಾಡ್ತದ. ಯಾರ ಕೂಡ ಅಂತ ನಮಗೇನು ಗೊತ್ತು? ಒಂದಿನ ಮಾತ್ರ ಸುಮ್ಮಕಿತ್ತು. ಅವತ್ತು ಒತ್ತಿದ ಕೂಡಲೇ ಹೋತು ನೋಡ್ರಿ, ಉತ್ತರನೂ ಬಂತು.”

“ಯಾವತ್ತು?”

“ಗಾಳಿ ಮಳಿ ಆಗಿ ನಿಮ್ಮ ಕಡೆ ಮರ ಬಿದ್ದಿತ್ತಲ್ಲ, ಅವತ್ತು.”

ಅವತ್ತು ಮರ ಬಿದ್ದು ಮಠದ ಕರೆಂಟು ಹೋಗಿತ್ತು. ಡಾಕ್ಟರಮ್ಮನ ಕೋಣೆಗಷ್ಟೇ ಜನರೇಟರು ಹಾಕಿದ್ದರು. ಪಂಪಾಪತಿಯ ಪರದೆ ಇಡೀ ದಿನ ಕತ್ತಲಾಗಿತ್ತು. ನೋಡಲಾಗದೆ ಅವನು ಚಡಪಡಿಸಿದ್ದ.

ಅವನು ಎದ್ದು ಪೆಟ್ಟಿಗೆಯ ಮುಂದೆ ಕೂತ. ಈ ಪೆಟ್ಟಿಗೆ ಯಾರ ಯಾರ ಕೂಡ ಮಾತಾಡುತ್ತಿದೆ ಎಂದು ತೆರೆದು ನೋಡಿದ. ಮೇಲಿನಿಂದ ಕೆಳಗಿನವರೆಗೆ ಒಂದೇ ಹೆಸರು.

ಎಚ್ಚರ ಇದ್ದೀಯಾ? ಇದ್ದೀನಿ. ಬಿಸಿ ಎಷ್ಟು? ಇಷ್ಟು. ಚಿತ್ರ ಕಳಿಸು. ಕಳಿಸುತ್ತಿದ್ದೇನೆ. ಯಾಕೆ ತಡ? ಕಳಿಸುತ್ತಿದ್ದೇನೆ. ಎಚ್ಚರ ಇದ್ದೀಯಾ?

ಆ ಸಣ್ಣ ಲೈನಿನ ತುಂಬ ಅವನ ಪ್ರಶ್ನೆಗಳೇ ನಿಂತಿದ್ದವು. ದುರುಗವ್ವನ ಮಾತಿಗೆ ಜಾಗವಿರಲಿಲ್ಲ.

“ಸಿಕ್ತೇನ್ರಿ? ಯಾರ ಕೂಡ ಮಾತಾಡ್ತದ?” ಎಂದಳು ಸಾಬಮ್ಮ.

“ನನ್ನ ಕೂಡ,” ಎಂದ ಪಂಪಾಪತಿ.

ಅವನ ಪ್ರಶ್ನೆಗಳಿಗೆ ಉತ್ತರಿಸಲೆಂದೇ ಆ ಪೆಟ್ಟಿಗೆಯೊಳಗೆ ಏಜೆಂಟ್ ಎಂಬ ಸಣ್ಣ ಪ್ರೋಗ್ರಾಮನ್ನು ಅವನೇ ಕೂರಿಸಿದ್ದ. ಈಗ ಅದನ್ನು ನಿಲ್ಲಿಸಲು ಕೈ ಚಾಚಿದ. ಬೆರಳು ಅರೆಕ್ಷಣ ಹಿಂದೆಗೆಯಿತು. ನಿಲ್ಲಿಸಿದರೆ ಮಠದಲ್ಲಿ ನೀಲಗಡ್ಡಿಯ ದೀಪ ಆರುತ್ತದೆ. ಎಂದೂ ಆರದ ದೀಪ.

ನಿಲ್ಲಿಸಿದ.

ಮಿಣುಕು ನಿಂತಿತು. ಆಮೇಲೆ ಒಮ್ಮೆ ಮಿಣುಕಿತು, ಮತ್ತೊಮ್ಮೆ. ಪರದೆಯ ಚಕ್ರ ನಿಂತು ಹೋಯಿತು.

ಮೊದಲು ಬಂದದ್ದು ದುರುಗವ್ವನ ಉತ್ತರ. ಸಾಬಮ್ಮ ಗಟ್ಟಿಯಾಗಿ ಓದಿದಳು: “ಇವತ್ತೇ ಕರಕೊಂಡು ಬರ್ರಿ. ನಾಳಿಗೆ ಬ್ಯಾಡ.”

ಅದರ ಹಿಂದೆಯೇ ಪಂಪಾಪತಿಯದೂ ಬಂತು: “ಈತನಿಗೆ ಏನೂ ಆಗಿಲ್ಲ.”

ಸಾಬಮ್ಮ ಅದನ್ನೂ ಓದಿದಳು. ಯಾರೂ ನಗಲಿಲ್ಲ.

ಅವಳು ದುರುಗವ್ವನ ಅತ್ತೆಯ ಮನೆಗೆ ಓಡಿದಳು. ಅತ್ತೆ ಬಂದು, ಪರದೆಯ ಮೇಲಿನ ಅಕ್ಷರಗಳ ಮೇಲೆ ಒಮ್ಮೆ ಕೈಯಾಡಿಸಿ, ಸೊಸೆಯ ರಟ್ಟೆ ಹಿಡಿದು ಎಬ್ಬಿಸಿದಳು.

ಹೊಳೆ ಅಷ್ಟರಲ್ಲಿ ಮೆಟ್ಟಿಲು ನುಂಗಿತ್ತು. ಹುಲಿಗೆಪ್ಪ ನೀರನ್ನೂ ದುರುಗವ್ವನನ್ನೂ ಒಂದೊಂದು ಸಲ ನೋಡಿ, “ಇದೊಂದು ಸಲ ದಾಟತದ, ಕೂಡ್ರಿ,” ಎಂದ. ಪಂಪಾಪತಿ ಖಾಲಿ ಗೋಣಿಚೀಲವನ್ನು ಮಡಚಿ ಅವಳ ಕಾಲಡಿಗೆ ಹಾಕಿದ. ಹಗ್ಗವನ್ನು ಅವಳ ಕೈಗೆ ಸುತ್ತಿ, ಇನ್ನೊಂದು ತುದಿಯನ್ನು ತನ್ನ ನಡುವಿಗೆ ಕಟ್ಟಿಕೊಂಡ.

ನಡುಹೊಳೆಯಲ್ಲಿ ಹರಿಗೋಲು ಗಿರ್ರನೆ ಸುತ್ತಿತು. ಅತ್ತೆ ದೇವರ ಹೆಸರು ಹೇಳುತ್ತಿದ್ದಳು. ಪಂಪಾಪತಿಗೆ ಹತ್ತು ಸಲ ಕೇಳಬೇಕೆನಿಸಿತು, ಹೆಂಗಿದ್ದೀ ತಂಗಿ, ಹೆಂಗಿದ್ದೀ ಎಂದು. ಕೇಳಲಿಲ್ಲ. ಹಗ್ಗ ಬಿಗಿಯಾಗಿದೆಯೇ ಎಂದಷ್ಟೇ ನೋಡುತ್ತಿದ್ದ. ಬಿಗಿಯಾಗಿತ್ತು.

ಡಾಕ್ಟರ್ ಶಾಕಿರಾ ದಂಡೆಗೇ ಬಂದು ನಿಂತಿದ್ದರು. ದುರುಗವ್ವನನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು. ಬಹಳ ಹೊತ್ತಿನ ಮೇಲೆ ಹೊರಗೆ ಬಂದು, ಕೈ ಒರೆಸಿಕೊಳ್ಳುತ್ತ, “ಹೊತ್ತಿಗೆ ತಂದ್ರಿ. ಇಬ್ಬರೂ ಉಳೀತಾರ,” ಎಂದರು. ಅತ್ತೆ ನೆಲದ ಮೇಲೆ ಕುಸಿದು ಕೂತಳು.

ಪಂಪಾಪತಿ ತನ್ನ ಕೋಣೆಗೆ ಬಂದ.

ಅವನ ಜಾಗದಲ್ಲಿ ಅವ್ವ ಕೂತಿದ್ದರು. ಪರದೆಯಲ್ಲಿ ನೀಲಗಡ್ಡಿಯ ದೀಪ ಆರಿತ್ತು. ಗಂಟೆ ಬಡಿಯುತ್ತಲೇ ಇತ್ತು.

“ಈ ಗಂಟಿ ಹೆಂಗ ನಿಲ್ಲಸೂದಪ್ಪಾ?” ಎಂದರು ಅವ್ವ. “ದೀಪ ಆರಿದಾಗಿಂದ ಬಡಕೋತದ. ಆ ಕಡೆ ಡಾಕ್ಟರಮ್ಮನ ಕೋಣ್ಯಾಗ ನೀಲಗಡ್ಡಿ ಮಂದಿ ಹೆಸರು ಒಂದರ ಹಿಂದ ಒಂದು ಬರಾಕ ಹತ್ತ್ಯಾವ. ಸಾಬಮ್ಮ ಊರನ್ನೇ ಕರದು ಕೂಡಿಸಿದಂಗದ.”

ಪಂಪಾಪತಿ ಗಂಟೆ ನಿಲ್ಲಿಸಿದ. ಅವ್ವನ ಪಾದದ ಬಳಿ ನೆಲದ ಮೇಲೆ ಕೂತ. ಮೈಯಿಂದ ಹೊಳೆಯ ನೀರು ಇಳಿಯುತ್ತಿತ್ತು.

“ಆರಾಮ ಇದ್ದಾರ ಅಂದಿದ್ದೆ, ಅವ್ವಾರ.”

“ಅಂದಿದ್ದಿ.”

“ಈರಪ್ಪಜ್ಜನ ಕಾಲು ಹೋತು.”

ಅವ್ವ ಆರಿದ ದೀಪದ ಕಡೆ ನೋಡಿದರು.

“ಹೊಳಿ ಇಳೀಲಿ. ಅವನ ಮನಿಗೆ ಹೋಗು. ಅವ ಬೈದ್ರ ಬೈಸಿಕೋ. ಸುಮ್ಮ ಕೂತ್ರ ನೀನೂ ಸುಮ್ಮ ಕೂಡು.”

“ಹೂನ್ರಿ.”

ಹೊರಗೆ ಹೊಳೆಯ ಸದ್ದು ದೊಡ್ಡದಾಗುತ್ತಿತ್ತು. ಹುಲಿಗೆಪ್ಪ ಹರಿಗೋಲನ್ನು ಮೇಲಕ್ಕೆಳೆದು ಬೋರಲು ಹಾಕುತ್ತಿದ್ದ. ಇನ್ನು ನೀಲಗಡ್ಡಿಗೆ ಆ ಪೆಟ್ಟಿಗೆಯೊಂದೇ ದಾರಿ.

“ಪೆಟ್ಟಿಗಿ ವಿಚಾರಸೂದು ಬಿಟ್ಟುಬಿಡಲೇನ್ರಿ, ಅವ್ವಾರ?”

“ಬಿಟ್ರ ಅದು ಸತ್ತದ್ದೂ ಗೊತ್ತಾಗೂದಿಲ್ಲ ನಿನಗ.”

“ಮತ್ತ ಎಷ್ಟು ಹೊತ್ತಿಗೊಮ್ಮೆ ಕೇಳಲಿ?”

ಅವ್ವ ಅವನ ಕುರ್ಚಿಯಿಂದ ಎದ್ದು, ಸೆರಗಿನಿಂದ ಅವನ ಒದ್ದೆ ತಲೆ ಒರೆಸಿದರು.

“ಉತ್ತರ ಕೇಳಿಸಿಕೊಳ್ಳಾಕ ನಿನಗ ಪುರಸೊತ್ತು ಇದ್ದಾಗ.”